ಇಪ್ಪತ್ತೊಂದನೇ ತಟ್ಟೆ

ಜನ ಹಸು ಸಾಕುತ್ತಾರೆ, ಕೋಳಿ ಸಾಕುತ್ತಾರೆ, ಏನೂ ಕೈಗೆ ಹತ್ತದಿದ್ದರೆ ಒಂದು ಗಿಳಿಯನ್ನಾದರೂ ಪಂಜರದಲ್ಲಿಟ್ಟು ರಾಮ ರಾಮ ಅನ್ನಿಸುತ್ತಾರೆ. ಸೇಲಂ ಗುಗೈ ನೇಕಾರರ ಬೀದಿಯ ರಂಗನಾಯಕಿ ಸಾಕಿದ್ದು ಕೆಂಜಿಗದ ಸಂಸಾರವನ್ನು. ಮಾವಿನ ಹಸಿ ಎಲೆಗಳನ್ನು ಸೇರಿಸಿ ಹೊಲಿದು ಚೆಂಡಿನಂಥ ಗೂಡು ಮಾಡಿಕೊಳ್ಳುತ್ತವಲ್ಲ, ಮುಟ್ಟಿದವರ ಮೈಗೆಲ್ಲ ಬೆಂಕಿ ಹಚ್ಚುತ್ತವಲ್ಲ, ಅದೇ ಕೆಂಪಿರುವೆ. ತಮಿಳರು ಅದನ್ನು ಮುಸುರು ಅನ್ನುತ್ತಾರೆ. ಕಚ್ಚಿಸಿಕೊಂಡವರು ಇನ್ನೂ ಏನೇನೋ ಅನ್ನುತ್ತಾರೆ, ಅದನ್ನೆಲ್ಲ ಇಲ್ಲಿ ಬರೆಯುವ ಹಾಗಿಲ್ಲ.

ಗಂಡ ತೀರಿಕೊಂಡು ತಮ್ಮ ಅರುಣಾಚಲನ ಮನೆ ಸೇರಿದಾಗ ರಂಗನಾಯಕಿಗೆ ಇಪ್ಪತ್ತೆರಡು ವರ್ಷ. ಮಕ್ಕಳಿರಲಿಲ್ಲ. ಹಿತ್ತಿಲ ಜಗಲಿಯಲ್ಲಿ ಒಂದು ರಾಟೆ ಹಾಕಿಕೊಟ್ಟರು. ಅಂದಿನಿಂದ ತಮ್ಮನ ಎರಡು ಮಗ್ಗಕ್ಕೂ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಡುವುದು ಅವಳ ಕೆಲಸ. ರಾಟೆಯ ಎದುರಿಗೇ ಮಾವಿನ ಮರ. ಕೈ ನೂಲಿನಲ್ಲಿ, ಕಣ್ಣು ಮರದಲ್ಲಿ. ಹಾಗೆ ನೋಡುತ್ತ ನೋಡುತ್ತ ಒಂದು ದಿನ ಅವಳಿಗೆ ಗೊತ್ತಾಯಿತು, ಈ ಕೆಂಜಿಗಗಳೂ ನೇಕಾರರೇ. ಹತ್ತಿಪ್ಪತ್ತು ಇರುವೆ ಸಾಲಾಗಿ ನಿಂತು ಎರಡು ಎಲೆಯ ಅಂಚುಗಳನ್ನು ಹತ್ತಿರಕ್ಕೆ ಎಳೆದು ಹಿಡಿಯುತ್ತವೆ. ಇನ್ನೊಂದು ಬಂದು, ಬಾಯಲ್ಲಿ ಕಚ್ಚಿಕೊಂಡ ಬಿಳಿ ಮರಿಯನ್ನು ಈ ಅಂಚಿಗೊಮ್ಮೆ ಆ ಅಂಚಿಗೊಮ್ಮೆ ತಾಗಿಸುತ್ತದೆ. ಮರಿಯ ಬಾಯಿಂದ ರೇಷ್ಮೆಯ ಎಳೆ ಬರುತ್ತದೆ. ಅತ್ತ ಇತ್ತ, ಅತ್ತ ಇತ್ತ, ಎಲೆ ಹೊಲಿದುಕೊಂಡು ಹೋಗುತ್ತದೆ.

"ನಾವು ಮರದ ಲಾಳಿ ಇಟ್ಕೊಂಡಿದ್ದೀವಿ, ಇವು ಮಕ್ಳನ್ನೇ ಲಾಳಿ ಮಾಡ್ಕೊಂಡವೆ" ಎಂದು ಅವಳು ಬೀದಿಗೆಲ್ಲ ಸಾರಿದಳು. "ನಮ್ಮ ಕುಲದವು ಕಣ್ರಪ್ಪ, ಕಲ್ಲು ಒಡೀಬ್ಯಾಡಿ."

ಬೀದಿಯವರು ನಕ್ಕರು. ನಗಲಿ ಬಿಡಿ. ರಂಗನಾಯಕಿ ದಿನಾ ಬೆಳಿಗ್ಗೆ ಬೆಲ್ಲದ ನೀರನ್ನು ಚಿಪ್ಪಿನಲ್ಲಿಟ್ಟು, ಸತ್ತ ಮಿಡತೆ ಜಿರಳೆಗಳನ್ನು ಕೊಂಬೆಗೆ ಸಿಕ್ಕಿಸಿ, ಅವುಗಳ ಯೋಗಕ್ಷೇಮ ವಿಚಾರಿಸಿಕೊಂಡೇ ರಾಟೆಗೆ ಕೂರುತ್ತಿದ್ದಳು. ಒಂದು ಸಲ ಬಿರುಗಾಳಿಗೆ ಮೇಲಿನ ಗೂಡು ಹರಿದಾಗ ಅದರೊಳಗೆ ಕೂತಿದ್ದ ತಾಯಿರುವೆಯನ್ನೂ ಕಂಡಿದ್ದಳು: ಹಸಿರು ಹೊಟ್ಟೆ, ದಪ್ಪ ಮೈ, ಸುತ್ತ ನೂರು ಆಳು. ಕಲೆಕ್ಟರ್ ದೊರೆಯ ಹೆಂಡತಿ ಸಾರೋಟಿನಲ್ಲಿ ಕೂರುವ ಠೀವಿಯೇ. ಅದಕ್ಕೆ ದೊರೆಸಾನಿ ಅಂತಲೇ ಹೆಸರಿಟ್ಟಳು. ಅಂದಿನಿಂದ ದೊರೆಸಾನಿ ಯಾವ ಗೂಡಿನಲ್ಲಿದ್ದಾಳೆ ಎನ್ನುವುದು ಅವಳಿಗೆ ಕಣ್ಣುಮುಚ್ಚಿ ಹೇಳಲು ಬರುತ್ತಿತ್ತು.

ಈ ವಿದ್ಯೆಗೆ ಶಿಷ್ಯೆ ಒಬ್ಬಳೇ, ತಮ್ಮನ ಮಗಳು ಪೂಂಗೊಡಿ. ಹುಡುಗಿ ಬೆಳೆದದ್ದು ಆ ಜಗಲಿಯ ಮೇಲೆಯೇ, ಅತ್ತೆಯ ರಾಟೆಯ ಸದ್ದಿನಲ್ಲಿ. ರಂಗನಾಯಕಿಗೊಬ್ಬ ಮಗ ಇದ್ದಿದ್ದರೆ ಪೂಂಗೊಡಿ ಬೇರೆ ಮನೆಗೆ ಹೋಗುವ ಮಾತೇ ಇರಲಿಲ್ಲ. ಸೋದರತ್ತೆಯ ಮಗನಿಗೆ ಕೊಡುವುದು ರೂಢಿ. ಮಗ ಇಲ್ಲ, ಏನು ಮಾಡುವುದು. ಮೆಟ್ಟೂರು ಅಣೆ ಕಟ್ಟಿ ಮುಗಿಸಿದ ಮರುವರ್ಷ ಅದೇ ಊರಿನ ಅಮ್ಮಾಪೇಟೆಯ ನೇಕಾರ ಪೆರುಮಾಳ್ ಅವರ ಮಗ ಈಶ್ವರನಿಗೆ ಹುಡುಗಿಯನ್ನು ಕೊಡುವುದೆಂದು ಗೊತ್ತಾಯಿತು. ವೈಗಾಸಿಯಲ್ಲಿ, ಅಂದರೆ ನಮ್ಮ ವೈಶಾಖದ ಹೊತ್ತಿಗೆ, ಮದುವೆ, ಗಂಡಿನ ಮನೆಯಲ್ಲೇ.

ಅದರ ಹಿಂದೆಯೇ ಅರುಣಾಚಲ ಇನ್ನೊಂದು ಬಾಂಬು ಹಾಕಿದ. ಮದುವೆ ಮುಗಿದ ಸೋಮವಾರ ಮಾವಿನ ಮರ ಕಡಿಸುತ್ತಾನಂತೆ. ಹಿತ್ತಿಲಿನಲ್ಲಿ ಮಾಡು ಇಳಿಸಿ ಇನ್ನೆರಡು ಮಗ್ಗ ಹಾಕುತ್ತಾನಂತೆ.

"ಕೆಂಜಿಗ ಎಲ್ಲಿಗೆ ಓಗಬೇಕು?" ಎಂದಳು ರಂಗನಾಯಕಿ.

"ಎಲ್ಲಿಗಾರ ಓಗ್ಲಿ ಅಕ್ಕ. ಇರುವೆಗೆ ಪಟ್ಟಾ ಮಾಡಿಸ್ಕೊಡಾಕಾಯ್ತದಾ?"

ರಾಟೆ ಆ ಮಧ್ಯಾಹ್ನ ತಿರುಗಲಿಲ್ಲ. ಒಂದೇ ವಾರದಲ್ಲಿ ಹುಡುಗಿಯೂ ಹೋಗುತ್ತಾಳೆ, ಮರವೂ ಹೋಗುತ್ತದೆ. ಆಮೇಲೆ ಜಗಲಿಯಲ್ಲಿ ಕೂತು ಯಾರನ್ನು ನೋಡುವುದು, ಯಾರ ಜೊತೆ ಮಾತಾಡುವುದು? ರಂಗನಾಯಕಿಗೆ ಗಂಡ ಸತ್ತಾಗಲೂ ಇಷ್ಟು ಭಯವಾಗಿರಲಿಲ್ಲ. ಆಗ ಇಪ್ಪತ್ತೆರಡು, ಈಗ ಐವತ್ತು.

ಭಯವಾದರೆ ಕೆಲವರು ಅಳುತ್ತಾರೆ, ಕೆಲವರು ದೇವರಿಗೆ ಹರಕೆ ಹೊರುತ್ತಾರೆ. ರಂಗನಾಯಕಿ ತಂತ್ರ ಹೂಡಿದಳು. ಗಂಡಿನ ಮನೆಯ ಅಂಗಳದಲ್ಲಿ ಒಂದು ಮಾವಿನ ಮರವಿದೆ, ಅದರಲ್ಲಿ ಕೆಂಜಿಗ ಇಲ್ಲ. ಇದನ್ನು ಅವಳು ವಿಚಾರಿಸಿ ತಿಳಿದುಕೊಂಡಿದ್ದಳು. ಅಲ್ಲಿಗೆ ಇವನ್ನು ಸಾಗಿಸಿಬಿಟ್ಟರೆ ಇವಕ್ಕೂ ಮನೆಯಾಯಿತು. ಹದಿನೈದು ದಿನಕ್ಕೊಮ್ಮೆ "ಇರುವೆ ನೋಡಾಕೆ ಬಂದೆ" ಎಂದು ತಾನೂ ಹೋಗಬಹುದು. ಗಂಡ ಸತ್ತ ಸೋದರತ್ತೆ ಸುಮ್ಮಸುಮ್ಮನೆ ಹುಡುಗಿಯ ಅತ್ತೆಮನೆ ಹೊಸಿಲು ತುಳಿದರೆ ಜನ ಏನಂದಾರು? ಇರುವೆಯದೊಂದು ನೆಪ ಇದ್ದರೆ ಬಾಯಿ ಮುಚ್ಚಿಸಬಹುದು.

ನಿಶ್ಚಯದ ದಿನ ಪೂಂಗೊಡಿ, ಅತ್ತೆ ಹೇಳಿಕೊಟ್ಟ ಹಾಗೆ, ತಲೆ ತಗ್ಗಿಸಿಕೊಂಡು ಭಾವೀ ಅತ್ತೆ ಗಂಗಲಕ್ಷ್ಮಮ್ಮನನ್ನು, ಇರುವೆ ತರಲೇ ಎಂದು ಕೇಳಿಯೂ ಕೇಳಿದಳು. ಗಂಗಲಕ್ಷ್ಮಮ್ಮ ಅಂದರೆ ಅಮ್ಮಾಪೇಟೆಯ ಶಾಸ್ತ್ರ ಸಂಪ್ರದಾಯಕ್ಕೆಲ್ಲ ತಾನೇ ರಿಜಿಸ್ಟ್ರಾರು ಎಂದುಕೊಂಡಿದ್ದ ಹೆಂಗಸು.

"ಇರುವೆನಾ?" ಎಂದಳು ಆಕೆ. "ನಮ್ಮನೇಲಿ ಮಗ್ಗ ಐತೆ, ಗಂಜಿ ಆಕಿದ ನೂಲೈತೆ. ಸೊಸೆ ಬರ್ಲಿ, ಸಾಕು. ನಿಮ್ಮ ಕಡೆ ಉಡುಗೊರೆ, ಸೀರು ತಟ್ಟೆ ಮಾತ್ರ ಇಪ್ಪತ್ತೊಂದಕ್ಕೆ ಕಮ್ಮಿ ಆಗ್ಬಾರ್ದು, ಸಮಸಂಖ್ಯೆ ಬರ್ಬಾರ್ದು. ಇಡಿಯೋರು ಮುತ್ತೈದೇರೇ ಆಗಿರ್ಬೇಕು. ಚಪ್ಪರದ ತೋರಣ ಮೂರು ದಿನ ಕೀಳಂಗಿಲ್ಲ. ನಮ್ಮತ್ರ ಎಲ್ಲಾ ಮುರೈ, ಪದ್ಧತಿ ಪ್ರಕಾರ."

ಬೇಡ ಅಂದರೆ ಸುಮ್ಮನಾಗುವ ಜಾತಿಯಲ್ಲ ರಂಗನಾಯಕಿ. ಬೇಡ ಅಂದದ್ದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಅವಳು ಒಳಗಿನಿಂದ ಬೆರಳು ಮಡಿಸಿ ಎಣಿಸಿಕೊಂಡಳು: ಇಪ್ಪತ್ತೊಂದು ತಟ್ಟೆ, ಸಮಸಂಖ್ಯೆ ಕೂಡದು, ಮೂರು ದಿನ.

ಮಂಗಳವಾರ ಬೆಳಗಿನ ತಂಪಿನಲ್ಲಿ, ಇರುವೆಗಳು ಇನ್ನೂ ಗೂಡು ಬಿಟ್ಟು ಹೊರಡುವ ಮೊದಲು, ರಂಗನಾಯಕಿ ತೋಳಿಗೆ ಮುಖಕ್ಕೆಲ್ಲ ಒಲೆಯ ಬೂದಿ ಬಳಿದುಕೊಂಡು ಏಣಿ ಹತ್ತಿದಳು. ಬೂದಿ ಬಳಿದ ಮೈ ಮೇಲೆ ಕೆಂಜಿಗಕ್ಕೆ ಕಾಲು ನಿಲ್ಲುವುದಿಲ್ಲ, ಜಾರಿ ಬೀಳುತ್ತದೆ. ನಾಳೆ ಮದುವಣಗಿತ್ತಿ ಆಗಬೇಕಾದವಳು ಇಂದು ಕೆನ್ನೆಗೆ ಅರಿಶಿನ ಮೆತ್ತಿಕೊಂಡು ಏಣಿ ಹಿಡಿದು ನಿಂತಿದ್ದಳು. ನಾಲ್ಕು ಗೂಡನ್ನು ರೆಂಬೆ ಸಮೇತ ಕತ್ತರಿಸಿ ಇಳಿಸಿದರು. ಮೂರು ಗೂಡು ಬಿದಿರು ಬುಟ್ಟಿಗೆ ಹೋದವು. ಬುಟ್ಟಿಯ ಬಾಯಿಗೆ ತೆಳು ಬಟ್ಟೆ ಹಾಕಿ, ಗಂಜಿ ಹಾಕಿದ ನೂಲಿನಲ್ಲಿ ಸುತ್ತ ಹೊಲಿದಳು. ಒಂದೇ ಎಳೆಯ ಹೊಲಿಗೆ. ಆಚೆ ಮನೆಯ ಮರದಡಿ ಪೂಂಗೊಡಿ ತುದಿ ಹಿಡಿದು ಎಳೆದರೆ ಸಾಕು, ಬಿಚ್ಚಿಕೊಳ್ಳಬೇಕು. ನಾಲ್ಕನೆಯದನ್ನು ಮಾತ್ರ ರಂಗನಾಯಕಿ ಒಂದು ಮಡಕೆಯಲ್ಲಿಟ್ಟು ಬಾಯಿ ಕಟ್ಟಿದಳು.

"ಅದು ದೊರೆಸಾನಿ ಗೂಡಲ್ವಾ ಅತ್ತೆ? ಅದನ್ಯಾಕೆ ಬಿಟ್ಟೆ?"

"ಬಿಟ್ಟಿಲ್ಲ. ನನ್ನತ್ರ ಇರ್ಲಿ."

"ದೊರೆಸಾನಿ ಇಲ್ದೆ ಅವು ಅಲ್ಲಿ ನಿಲ್ಲಾಕಿಲ್ಲ ಅಂತ ನೀನೇ ಏಳಿದ್ದೆ."

"ಏಳಿದ್ದೆ. ದೊಡ್ಡೋರು ಕರೆಸ್ಕೊಂಡ್ರೇನೇ ಓಗೋದು ಕಣಮ್ಮಿ. ಕರೀದೆ ಓದ್ರೆ ಮರ್ವಾದೆ ಇರ್ತದಾ?"

ಪೂಂಗೊಡಿ ಅತ್ತೆಯ ಮುಖ ನೋಡಿದಳು. ಅಲ್ಲಿ ಬೂದಿ ಬಿಟ್ಟರೆ ಏನೂ ಕಾಣಲಿಲ್ಲ.

ಬುಧವಾರ ಸೀರು ಹೊರಡಬೇಕು. ಏಳೂವರೆಗೆ ಯಮಗಂಡ, ಅಷ್ಟರೊಳಗೆ ಹೊಸಿಲು ದಾಟಬೇಕು. ಜಗಲಿಯ ಮೇಲೆ ತಟ್ಟೆಗಳು ಸಾಲಾಗಿ ಕೂತಿದ್ದವು: ಅರಿಶಿನ ಕುಂಕುಮ, ವೀಳ್ಯದೆಲೆ, ತೆಂಗಿನಕಾಯಿ, ಬಾಳೆಹಣ್ಣು, ಸೀರೆ ರವಿಕೆ, ಎಲ್ಲದರ ಮೇಲೂ ಒಂದೇ ಥರದ ಕೆಂಪು ಬಟ್ಟೆ. ಎಣಿಸುವ ಅಧಿಕಾರ ದೊಡ್ಡಪ್ಪ ಶಿವಲಿಂಗಂ ಅವರದು. ಕುಲದ ಹಿರಿಯರು, ದೂರದ ಕನ್ನಡಕ, ಹತ್ತಿರದ ಕೋಪ. ಅವರು ಎಣಿಸಿದರು. ಇಪ್ಪತ್ತು. ಮತ್ತೆ ಎಣಿಸಿದರು. ಇಪ್ಪತ್ತೇ.

"ನಿನ್ನೆ ನಾನೇ ಇಪ್ಪತ್ತೊಂದು ಎಣಿಸಿದ್ನಲ್ಲೋ ಅರುಣಾಚಲ. ಯಾವ್ದು ತಪ್ಪೋಯ್ತು?"

ತಪ್ಪಿಹೋಗಿದ್ದು ಕಲ್ಲುಸಕ್ಕರೆಯ ತಟ್ಟೆ. ಅದು ಆ ಹೊತ್ತಿಗೆ ಒಳಕೋಣೆಯಲ್ಲಿ ರಂಗನಾಯಕಿಯ ಮಂಚದ ಕೆಳಗೆ, ದೊರೆಸಾನಿಯ ಮಡಕೆಯ ಪಕ್ಕದಲ್ಲಿ ತಣ್ಣಗೆ ಕೂತಿತ್ತು. ಯಾರು ತೆಗೆದರು ಎಂದು ಕೇಳಬೇಡಿ. ಗೊತ್ತಿದ್ದೂ ಕೇಳುವುದು ಸರಿಯಲ್ಲ.

"ಗಂಟೆ ಏಳೂಕಾಲು" ಎಂದು ಯಾರೋ ಕೂಗಿದರು. ಅರುಣಾಚಲ ಬೆವೆತ. ಆಗ ಶಿವಲಿಂಗಂ ಅವರ ಕಣ್ಣು ಜಗಲಿಯ ಮೂಲೆಗೆ ಹೋಯಿತು. ಅಲ್ಲಿ ಹಿತ್ತಾಳೆ ಹರಿವಾಣದ ಮೇಲೆ ಒಂದು ಬಿದಿರು ಬುಟ್ಟಿ. ಅದರ ಮೇಲೂ ಅದೇ ಕೆಂಪು ಬಟ್ಟೆ.

"ಇಲ್ಲೈತಲ್ಲ. ಕಣ್ಣು ಎಲ್ಲಿಟ್ಕೊಂಡಿದ್ರಿ ಎಲ್ಲಾರೂ?" ಎಂದು ಗದರಿ, ತಾವೇ ಎತ್ತಿ ಒಬ್ಬ ಮುತ್ತೈದೆಯ ಕೈಗಿಟ್ಟರು. ಇಪ್ಪತ್ತೊಂದಾಯಿತು. ಓಲಗ ಶುರುವಾಯಿತು.

ಅರುಣಾಚಲ ಅಕ್ಕನ ಹತ್ತಿರ ಬಂದು ತಗ್ಗಿದ ದನಿಯಲ್ಲಿ "ನೀನು ಮನೆ ನೋಡ್ಕೊಂಡಿರಕ್ಕ" ಎಂದ. ಹೀಗೆ ಅನ್ನುತ್ತಾನೆಂದು ಅವಳಿಗೆ ಗೊತ್ತಿತ್ತು. ಎತ್ತಿ ಆಡಿಸಿದ ಹುಡುಗಿಯ ಮದುವೆ, ತಾನು ಬೀಗದ ಕೈ ಕಾಯಬೇಕು. ಜಟಕಾ ಹತ್ತುವ ಮೊದಲು ಪೂಂಗೊಡಿ ತಿರುಗಿ ನೋಡಿದಳು. ರಂಗನಾಯಕಿ ಅವಳಿಗೆ ಮಾತ್ರ ಕಾಣುವ ಹಾಗೆ ಕಣ್ಣು ಮಿಟುಕಿಸಿದಳು. ಆಮೇಲೆ ಮನೆಗೆ ಬೀಗ ಜಡಿದು, ಮೆರವಣಿಗೆ ತಿರುಮಣಿಮುತ್ತಾರು ಹೊಳೆಯ ಸೇತುವೆ ದಾಟಿದ ಮೇಲೆ, ಇನ್ನೂರು ಮಾರು ಹಿಂದೆ ತಾನೂ ನಡೆದಳು. ಮನೆ ನೋಡಿಕೊಳ್ಳಲು ಬೀಗ ಇದೆ, ಅದಕ್ಕೆ ತಾನೆ ಬೀಗ ಮಾಡಿರುವುದು.

ಗಂಡಿನ ಮನೆಯ ಪಕ್ಕದ ಮನೆ ಮುನಿವೆಂಕಟಮ್ಮನದು. ನಡುವೆ ಎದೆಯೆತ್ತರದ ಗೋಡೆ ಅಷ್ಟೆ. ರಂಗನಾಯಕಿ ನೀರು ಕೇಳುವ ನೆಪದಲ್ಲಿ ಅಲ್ಲಿ ಹೊಕ್ಕು ಗೋಡೆಯ ಪಕ್ಕ ಕೂತಳು. ಅದೂ ಇದೂ ಮಾತಾಡುತ್ತ ಮುನಿವೆಂಕಟಮ್ಮ ತನ್ನ ಗೋಳು ತೋಡಿಕೊಂಡಳು. ಒಂಬತ್ತು ವರ್ಷದಿಂದ ಈ ಗಂಗಲಕ್ಷ್ಮಮ್ಮ ಅವಳ ಜೊತೆ ಮಾತು ಬಿಟ್ಟಿದ್ದಾಳಂತೆ. ಪ್ರತಿ ಬೇಸಿಗೆ ಮರದ ಒಳ್ಳೊಳ್ಳೆ ಹಣ್ಣು ಮಾಯವಾಗುತ್ತದೆ, ಕದಿಯುವವಳು ಮುನಿವೆಂಕಟಮ್ಮನೇ ಎಂದು ಬೀದಿಗೆಲ್ಲ ಡಂಗುರ.

"ಚೌಡಮ್ಮನಾಣೆ, ಒಂದು ಸೊನೆ ತೊಟ್ಟೂ ನೆಕ್ಕಿಲ್ಲ ನಾನು" ಎಂದಳು.

ಗೋಡೆಯಾಚೆ ಚಪ್ಪರದ ಕೆಳಗೆ ಸೀರು ಇಳಿಸಿದ್ದರು. ಗಂಗಲಕ್ಷ್ಮಮ್ಮ ಒಂದೊಂದೇ ತಟ್ಟೆಯ ಬಟ್ಟೆ ಸರಿಸಿ, ಒಳಗಿನದನ್ನು ಮುಟ್ಟಿ, ಎತ್ತಿ, ತೂಗಿ ನೋಡುತ್ತಿದ್ದಳು. ರಂಗನಾಯಕಿಯ ಲೆಕ್ಕಾಚಾರ ಏನೆಂದರೆ, ಇಪ್ಪತ್ತೊಂದನೆಯದರ ತನಕ ಬರುವಷ್ಟರಲ್ಲಿ ಅವಳಿಗೆ ಬೇಸರವಾಗಿರುತ್ತದೆ. ಹೊಲಿದ ಬುಟ್ಟಿ ಕಂಡು, ಹೂವೋ ಹಪ್ಪಳವೋ ಇರಬೇಕು ಅಂದುಕೊಂಡು ಒಳಗೆ ಕಳಿಸುತ್ತಾಳೆ. ಇಲ್ಲಿ ಅವಳು ಒಂದು ವಿಷಯ ಮರೆತಳು. ಗಂಗಲಕ್ಷ್ಮಮ್ಮ ಏನೇ ಆಗಿರಲಿ, ಮೊದಲು ನೇಕಾರಗಿತ್ತಿ. ಸಡಿಲ ನೂಲಿನ ತುದಿ ಕಂಡರೆ ನೇಕಾರರ ಹೆಂಗಸಿನ ಕೈ ಸುಮ್ಮನಿರುವುದಿಲ್ಲ. ಸುಟ್ಟರೂ ಆ ಚಾಳಿ ಹೋಗುವುದಿಲ್ಲ.

ಬುಟ್ಟಿಯ ಅಂಚಿನಲ್ಲಿ ಗೇಣುದ್ದ ನೂಲು ನೇತಾಡುತ್ತಿತ್ತು. ಗಂಗಲಕ್ಷ್ಮಮ್ಮ "ಯಾರಪ್ಪ ಇದು, ಇಂಥ ಹೊಲಿಗೆ" ಎನ್ನುತ್ತ ಅದನ್ನು ಎಳೆದಳು. ಸರ್ರನೆ ಪೂರ್ತಿ ಬಿಚ್ಚಿಕೊಂಡಿತು.

ಆಮೇಲೆ ಆದದ್ದನ್ನು ಅಮ್ಮಾಪೇಟೆಯವರು ಬಹಳ ದಿನ ಆಡಿಕೊಂಡರು. ಗಂಗಲಕ್ಷ್ಮಮ್ಮ ಕೈ ಒದರಿದ ರಭಸಕ್ಕೆ ಬುಟ್ಟಿ ಹಾರಿ ಚಪ್ಪರದ ಮೂಲೆ ಕಂಬದ ಬುಡಕ್ಕೆ ಬಿತ್ತು. ನಾಗಸ್ವರದವನು ಮೋಹನ ರಾಗದಲ್ಲಿ ಮೇಲೆ ಹೋಗುತ್ತಿದ್ದವನು ನಡುವೆಯೇ ಕಿರ್ರೆಂದು ಇಳಿದು ಪಂಚೆ ಎತ್ತಿಕೊಂಡ. ಡೋಲಿನವನು ಡೋಲಿನ ಮೇಲೆಯೇ ನಿಂತ. ಮುತ್ತೈದೆಯರು ಬೆಂಚು ಹತ್ತಿದರು. ಈಶ್ವರ, ಪಾಪ, ಮದುವಣಿಗ, ಒಂದು ಕಾಲಲ್ಲಿ ನಿಂತು ಇನ್ನೊಂದು ಕಾಲು ಕೊಡವುತ್ತ ಪೂಂಗೊಡಿಯನ್ನು ನೋಡಿದ. ಅವಳು ಸೆರಗು ಬಾಯಿಗಿಟ್ಟುಕೊಂಡಿದ್ದಳು. ಅಳುತ್ತಿದ್ದಾಳೆ ಎಂದುಕೊಂಡ. ಅಳುವಲ್ಲ ಅದು.

ಗೋಡೆಯ ಈಚೆ ರಂಗನಾಯಕಿ ನೀರಿನ ಚೊಂಬು ಕೆಳಗಿಟ್ಟಳು. ಇದು ಅಪಶಕುನ ಎಂದು ಆಕೆ ಒಂದು ಮಾತು ಅಂದರೆ ಹುಡುಗಿಯ ಮದುವೆಗೇ ಕಲ್ಲು ಬೀಳುತ್ತದೆ. ತನ್ನ ತೀಟೆಗೆ ಹುಡುಗಿಯ ಬಾಳು ಹಾಳಾದರೆ? ತಾನೇ ಎದ್ದು ಹೋಗಿ ತಪ್ಪೊಪ್ಪಿಕೊಳ್ಳೋಣ ಎಂದು ಅವಳು ಮೊಣಕಾಲೂರಿದಳು ಕೂಡ.

"ಏನಿದು ಬೀಗರೇ, ಇದೇನು?" ಎಂದು ಕೆಂಪಾದ ಬೆರಳುಗಳನ್ನು ಮುಂದೆ ಹಿಡಿದು ಗಂಗಲಕ್ಷ್ಮಮ್ಮ ಕೇಳುತ್ತಿದ್ದಳು. ಎಲ್ಲರೂ ಶಿವಲಿಂಗಂ ಅವರ ಕಡೆ ತಿರುಗಿದರು. ತಟ್ಟೆ ಎತ್ತಿ ಕೊಟ್ಟವರು ಅವರೇ. ಗೊತ್ತಿಲ್ಲದೆ ಕೊಟ್ಟೆ ಅಂದರೆ ಎಪ್ಪತ್ತು ವರ್ಷದ ಹಿರಿತನ ಅಲ್ಲೇ ಮಣ್ಣುಪಾಲು. ಅವರು ಕನ್ನಡಕ ಸರಿಮಾಡಿಕೊಂಡು ಗಂಭೀರವಾಗಿ ಹೇಳಿದರು:

"ನೇಕಾರಿರುವೆ. ಎಲೆ ನೆಯ್ಯೋ ಇರುವೆ. ಇಪ್ಪತ್ತೊಂದನೇ ತಟ್ಟೇಲಿ ಇದನ್ನ ಕಳ್ಸೋದು ನಮ್ಮ ಗುಗೈ ಕಡೆ ಅಳೇ ಪದ್ಧತಿ. ಮಗ್ಗ ನಿಲ್ಲಬಾರ್ದು ಅಂತ. ನಿಮಗೆ ಗೊತ್ತಿರ್ಬೇಕಲ್ಲ?"

ಗಂಗಲಕ್ಷ್ಮಮ್ಮನಿಗೆ ಗೊತ್ತಿಲ್ಲದ ಪದ್ಧತಿಯೇ? ಆಕೆ ಕೆಂಪಾದ ಬೆರಳಿಗೆ ಉಫ್ ಎಂದು ಊದಿಕೊಂಡಳು.

"ಗೊತ್ತಿಲ್ದೆ ಏನು" ಎಂದಳು. "ಮೊದ್ಲೇ ಏಳಿದ್ರೆ ಬೂದಿ ಬಳ್ಕೋತಿದ್ದೆ."

ರಂಗನಾಯಕಿ ಗೋಡೆಗೆ ಒರಗಿ ಕೂತು ಉಸಿರು ಬಿಟ್ಟಳು. ಶಿವಲಿಂಗಂ ದೊಡ್ಡಪ್ಪನ ಬಗ್ಗೆ ಇಷ್ಟು ವರ್ಷ ತಾನು ಆಡಿದ್ದನ್ನೆಲ್ಲ ಮನಸ್ಸಿನಲ್ಲೇ ಹಿಂದಕ್ಕೆ ತಗೊಂಡಳು.

ಇನ್ನು ಮುಂದಿನದಂತೂ ಅವಳ ತಂತ್ರವೂ ಅಲ್ಲ, ಯಾರ ತಂತ್ರವೂ ಅಲ್ಲ. ಬುಟ್ಟಿ ಬಿದ್ದ ಕಂಬಕ್ಕೆ ಮಾವಿನೆಲೆ ತೋರಣದ ಒಂದು ತುದಿ ಕಟ್ಟಿತ್ತು. ಅದು ಚಪ್ಪರದ ಉದ್ದಕ್ಕೂ ಹೋಗಿ, ಇನ್ನೊಂದು ತುದಿ ಅಂಗಳದ ಮಾವಿನ ಮರಕ್ಕೇ ಕಟ್ಟಿತ್ತು. ಬಿಸಿಲೇರುವಷ್ಟರಲ್ಲಿ ನಾಲ್ಕು ಕೆಂಜಿಗ ಕಂಬ ಹತ್ತಿ, ಎಲೆಯ ವಾಸನೆ ಹಿಡಿದು, ಹಗ್ಗದ ಮೇಲೆ ಹೊರಟವು. ಆಮೇಲೆ ನಲವತ್ತು. ಆಮೇಲೆ ಎಣಿಸುವ ಹಾಗಿರಲಿಲ್ಲ. ಬಾಯಲ್ಲಿ ಬಿಳಿ ಮರಿಗಳನ್ನು ಕಚ್ಚಿಕೊಂಡು, ನೆಂಟರ ತಲೆಯ ಮೇಲೆ, ಸಾಲಾಗಿ ಮರದ ಕಡೆಗೆ. ಯಾರೋ ತೋರಣ ಕಿತ್ತು ಬಿಸಾಕಿ ಎಂದರು. ಪೆರುಮಾಳ್ ಕೋಲು ತಂದರು.

"ಮೂರು ದಿನ ತೋರಣ ಕೀಳಂಗಿಲ್ಲ" ಎಂದು ಗಂಗಲಕ್ಷ್ಮಮ್ಮ ತಾನೇ ಗಂಡನ ಕೈಯಿಂದ ಕೋಲು ಕಿತ್ತುಕೊಂಡಳು. ಮುರೈ ಅಂದ ಮೇಲೆ ಮುರೈ. ಮರುದಿನ ತಾಳಿ ಕಟ್ಟಿದ್ದೂ ಆ ಮೆರವಣಿಗೆಯ ಕೆಳಗೆಯೇ. ಅಕ್ಷತೆ ಹಾಕುವವರು ಮೇಲೆ ನೋಡಿಕೊಂಡು ಹಾಕಿದರು.

ಮೂರನೆಯ ದಿನ, ಶುಕ್ರವಾರ ಮಧ್ಯಾಹ್ನ, ರಂಗನಾಯಕಿ ಮತ್ತೆ ಮುನಿವೆಂಕಟಮ್ಮನ ಗೋಡೆಯ ಹತ್ತಿರ ಹಾಜರು. ಎಲೆಗೂಡು ಕಟ್ಟುತ್ತಿವೆಯೋ ಇಲ್ಲವೋ ನೋಡಬೇಕಿತ್ತು. ಉಂಡ ಮನೆಯೆಲ್ಲ ಚಾಪೆಯ ಮೇಲೆ ಬಿದ್ದುಕೊಂಡಿತ್ತು. ಆಗ ಬಾಗಿಲು ಮೆಲ್ಲಗೆ ತೆರೆದು ಬೀಗರು ಪೆರುಮಾಳ್ ಹೊರಗೆ ಬಂದರು. ಅತ್ತ ನೋಡಿದರು, ಇತ್ತ ನೋಡಿದರು, ಪಂಚೆ ಕಚ್ಚೆ ಹಾಕಿ, ಅರವತ್ತು ವರ್ಷದ ಮನುಷ್ಯ ಬೆಕ್ಕಿನ ಹಾಗೆ ಮರ ಹತ್ತಿದರು.

ಮುನಿವೆಂಕಟಮ್ಮ ರಂಗನಾಯಕಿಯ ಕೈ ಹಿಡಿದುಕೊಂಡಳು.

ಪೆರುಮಾಳ್ ಒಂದು ಹಣ್ಣು ಕಿತ್ತು ಮಡಿಲಿಗೆ ಹಾಕಿದರು, ಇನ್ನೊಂದು ಕಿತ್ತರು. ಏಳನೆಯದಕ್ಕೆ ಕೈ ಚಾಚಿದಾಗ ಹೊಸ ಗೂಡೊಂದನ್ನು ಹಿಚುಕಿದರು. ಆಮೇಲೆ ಮರ ಹತ್ತಿದ್ದಕ್ಕಿಂತ ಬೇಗ ಇಳಿದರು. ಇಳಿದರು ಅನ್ನುವುದೂ ಮರ್ಯಾದೆಯ ಮಾತು. ಬಿದ್ದ ಸದ್ದಿಗೆ ಮನೆ ಎದ್ದಿತು. ಗಂಗಲಕ್ಷ್ಮಮ್ಮ ಬಂದು ನೋಡುತ್ತಾಳೆ: ಗಂಡ ಅಂಗಳದಲ್ಲಿ ಅಂಗಿ ಬಿಚ್ಚಿ ಕುಣಿಯುತ್ತಿದ್ದಾನೆ, ಸುತ್ತ ಆರು ಮಾವಿನಹಣ್ಣು.

ಒಂಬತ್ತು ವರ್ಷದಿಂದ ಆಕೆ ಒಳ್ಳೆಯ ಹಣ್ಣನ್ನೆಲ್ಲ ಎಣಿಸಿ ತವರಿಗೆ ಕಳಿಸುತ್ತಿದ್ದಳು. ಅದಕ್ಕೇ ಪೆರುಮಾಳ್ ತಮ್ಮ ಮರದ ಹಣ್ಣನ್ನು ತಾವೇ ಕದ್ದು, ಪಾವಡಿಯಲ್ಲಿ, ಅಂದರೆ ನೂಲಿನ ಹಾಸು ಹಾಯಿಸುವ ಬಯಲಿನಲ್ಲಿ, ಜೊತೆಯವರೊಡನೆ ಉಪ್ಪು ಖಾರ ಹಚ್ಚಿ ತಿನ್ನುತ್ತಿದ್ದರು. ಗಂಗಲಕ್ಷ್ಮಮ್ಮ ಗೋಡೆಯ ಕಡೆ ನೋಡಿದಳು. ಗೋಡೆಯ ಮೇಲೆ ಮುನಿವೆಂಕಟಮ್ಮನ ಮುಖ, ಅದರ ಪಕ್ಕ ಇನ್ನೊಂದು ಮುಖ.

"ಬೂದಿ ಬಳ್ಕೊಂಡ್ರೆ ಉರಿ ಕಮ್ಮಿ ಆಯ್ತದೆ" ಎಂದಳು ಮುನಿವೆಂಕಟಮ್ಮ ತಣ್ಣಗೆ. ಒಂಬತ್ತು ವರ್ಷದ ಮೇಲೆ ಆ ಎರಡು ಮನೆಯ ನಡುವೆ ಆಡಿದ ಮೊದಲ ಮಾತು ಅದು.

ಸಂಜೆ ತೋರಣ ಇಳಿಸಿದರು. ಇರುವೆಯನ್ನು ಯಾರೂ ಮುಟ್ಟಕೂಡದು ಎಂದು ಗಂಗಲಕ್ಷ್ಮಮ್ಮನ ಅಪ್ಪಣೆಯಾಯಿತು. ಕೂಲಿ ಕೇಳದ ಇಂಥ ಕಾವಲುಗಾರರು ಎಲ್ಲಿ ಸಿಕ್ಕಾರು?

ಸೋಮವಾರ ಗುಗೈಯಲ್ಲಿ ಮರ ಬಿತ್ತು. ಕೊಡಲಿ ಏಟು ಬಿದ್ದಾಗಲೆಲ್ಲ ರಂಗನಾಯಕಿ ಒಳಗೆ ಮಡಕೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಮಡಕೆಯನ್ನು ನೀರು ತುಂಬಿದ ತಟ್ಟೆಯ ನಡುವೆ ಇಟ್ಟು, ಕಲ್ಲುಸಕ್ಕರೆ ಕರಗಿಸಿ ಹತ್ತಿಯಲ್ಲಿ ಅದ್ದಿ ಕೊಡುತ್ತ ದಿನ ತಳ್ಳುತ್ತಿದ್ದಳು. ಮಂಗಳವಾರ ಯಾರೂ ಬರಲಿಲ್ಲ. ರಾತ್ರಿ ಅವಳಿಗೆ ಅನುಮಾನ ಬಂತು: ಅಲ್ಲಿನವು ದೊರೆಸಾನಿಯಿಲ್ಲದೆ ಸತ್ತೇ ಹೋದವೋ ಏನೋ, ಕರೆಸಿಕೊಳ್ಳಬೇಕೆಂಬ ಹಟಕ್ಕೆ ತಾನು ಎರಡು ಕಡೆಯೂ ಕೊಂದೆನೋ ಏನೋ. ಬೆಳಗಾಗಲಿ, ಮಾನ ಹೋದರೆ ಹೋಗಲಿ, ಹಿತ್ತಿಲ ಬಾಗಿಲಿಂದಲೇ ಕೊಟ್ಟು ಬರುತ್ತೇನೆ ಎಂದು ನಿಶ್ಚಯಿಸಿದಳು.

ಬೆಳಗಾಗುತ್ತಲೇ ಬಾಗಿಲಲ್ಲಿ ಜಟಕಾ ನಿಂತಿತು. ಪೂಂಗೊಡಿಯನ್ನು ಕರೆದುಕೊಂಡು ಗಂಗಲಕ್ಷ್ಮಮ್ಮ ಸ್ವತಃ ಇಳಿದಳು. ಅರುಣಾಚಲ ಚಾಪೆ ಹಾಕಲು ಓಡಿದ. ಆಕೆ ನೇರವಾಗಿ ಹಿತ್ತಿಲ ಜಗಲಿಗೆ ನಡೆದಳು.

"ನಿನ್ನ ಇರುವೆಗೆ ಏನಾಗೈತೆ?" ಎಂದಳು. "ಮರ ಬಿಟ್ಟು ಇಳೀತಾವೆ. ಗೋಡೆ ಮೇಲೆ, ಮಗ್ಗದ ಮೇಲೆ, ಒಲೆ ಮೇಲೆ, ಏನೋ ಉಡುಕ್ತಾವೆ. ನಿನ್ನ ಸೋದರಸೊಸೆ ಬಾಯಿ ಬಿಡಾಕಿಲ್ಲ, ಸೋದರತ್ತೇನೇ ಕೇಳಿ ಅಂತಾಳೆ."

ಹಟ ಬಿಟ್ಟಿದ್ದ ರಂಗನಾಯಕಿಗೆ ಅದು ಎಲ್ಲಿತ್ತೋ ತಟ್ಟನೆ ವಾಪಸು ಬಂತು.

"ಅವ್ವನ್ನ ಉಡುಕ್ತಾವೆ. ಅವಳು ನನ್ನತ್ರ ಅವ್ಳೆ."

"ಕೊಡು, ತಗೊಂಡೋಯ್ತೀನಿ."

"ಕೊಡಾಕಿಲ್ಲ. ನಾನೇ ತರ್ತೀನಿ. ತಟ್ಟೇಲಿಟ್ಕೊಂಡು, ಮುಂಬಾಗಿಲಿಂದ."

ಅರುಣಾಚಲ ಅಕ್ಕನ ಕಡೆ ಕಣ್ಣು ಬಿಟ್ಟ. ಗಂಗಲಕ್ಷ್ಮಮ್ಮನ ದನಿ ಬದಲಾಯಿತು. ಜಗಳದ ದನಿಯಲ್ಲ, ಇರುವುದನ್ನು ಹೇಳುವ ದನಿ. "ಗಂಡ ಓದೋಳು ಸೀರು ತಟ್ಟೆ ಇಡ್ಕೊಂಡು ಮುಂಬಾಗಿಲಿಂದ ಬರಾಕಾಯ್ತದಾ ತಾಯಿ? ಮುರೈ ಅಂತ ಒಂದೈತಲ್ಲ."

"ಐತೆ" ಎಂದಳು ರಂಗನಾಯಕಿ. "ಈ ದೊರೆಸಾನೀದೂ ಕೇಳಿ. ಮೊದಲ ಮಳೆ ಬಿದ್ದ ದಿನ ಇವಕ್ಕೆ ರೆಕ್ಕೆ ಬತ್ತದೆ. ಗಂಡು ಅವತ್ತೇ ಸಾಯ್ತದೆ. ಪ್ರತಿ ವರ್ಷ ಇದೇ ಜಗಲಿ ಮೇಲೆ ಗುಡ್ಸಿ ಆಕಿದ್ದೀನಿ ನಾನು. ರೆಕ್ಕೆ ಉದುರ್ಸ್ಕೊಂಡು ಒಂಟಿ ಎಂಗಸು ಒಂದೆಲೆ ಮರೇಲಿ ಕೂತ್ಕೊಂಡು ಇಷ್ಟು ಸಂಸಾರ ಮಾಡವ್ಳೆ. ನಿಮ್ಮ ಮರ ಕಾಯ್ತಾ ಇರೋವೆಲ್ಲ ಗಂಡ ಓದೋಳ ಮಕ್ಳೇ. ಅವು ಬೇಕು, ಅವಳು ಮಾತ್ರ ಇತ್ತಿಲಿಂದ ಬರ್ಬೇಕು ಅಂದ್ರೆ ಎಂಗೆ?"

ಗಂಗಲಕ್ಷ್ಮಮ್ಮ ಬೇರುಸಹಿತ ಕಿತ್ತ ಮರದ ಗುಂಡಿಯನ್ನು ನೋಡಿದಳು. ರಾಟೆ ನೋಡಿದಳು. ತಿರುಗಿ ಜಟಕಾದ ಕಡೆ ನಡೆದಳು. ಹತ್ತಿ ಕೂತ ಮೇಲೆ, ಮುಂದೆ ನೋಡಿಕೊಂಡೇ, "ಇನ್ನೊಬ್ರಿಗೆ ಜಾಗ ಐತೆ" ಎಂದಳು.

ಅಮ್ಮಾಪೇಟೆ ಮನೆಯ ಮುಂದೆ ಜಟಕಾ ನಿಂತಾಗ ಬೀದಿಯೆಲ್ಲ ಜಗಲಿಗೆ ಬಂದಿತ್ತು. ಹರಿವಾಣದಲ್ಲಿ ಮಡಕೆ, ಮೇಲೆ ಕೆಂಪು ಬಟ್ಟೆ, ಹಿಡಿದವಳು ರಂಗನಾಯಕಿ. ಹೊಸಿಲಿನ ಹತ್ತಿರ ಬಂದಾಗ ಗಂಗಲಕ್ಷ್ಮಮ್ಮ ಕೈ ಅಡ್ಡ ಹಿಡಿದಳು.

"ನಿಲ್ಲು. ಅವತ್ತು ಇಪ್ಪತ್ತೊಂದು. ಇದು ಸೇರಿದ್ರೆ ಇಪ್ಪತ್ತೆರಡು. ಸಮಸಂಖ್ಯೆ."

ರಂಗನಾಯಕಿ ಇದಕ್ಕೇ ಒಂದು ವಾರದಿಂದ ಕಾಯುತ್ತಿದ್ದಳು. ಹಿಂದೆ ತಿರುಗಿ ಹುಬ್ಬು ಹಾರಿಸಿದಳು. ಪೂಂಗೊಡಿ, ಹೊರಡುವಾಗ ಅತ್ತೆ ಗುಟ್ಟಾಗಿ ಕೊಟ್ಟಿದ್ದ ಇನ್ನೊಂದು ತಟ್ಟೆಯನ್ನು ಸೆರಗಿನ ಮರೆಯಿಂದ ತೆಗೆದು ಮುಂದೆ ಹಿಡಿದಳು. ಕಲ್ಲುಸಕ್ಕರೆ, ಅರ್ಧಕ್ಕಿಂತ ಕಮ್ಮಿ.

"ಇಪ್ಪತ್ಮೂರು" ಎಂದಳು ರಂಗನಾಯಕಿ.

ಗಂಗಲಕ್ಷ್ಮಮ್ಮ ಬೆರಳು ಮಡಿಸಿ ಎಣಿಸಿದಳು. ಕಲ್ಲುಸಕ್ಕರೆಯನ್ನು ನೋಡಿದಳು. ಸೀರಿನಲ್ಲಿ ಕಲ್ಲುಸಕ್ಕರೆಯೇ ಬಂದಿರಲಿಲ್ಲವಲ್ಲ ಎನ್ನುವುದು ನೆನಪಾದದ್ದು, ಅದು ಯಾಕೆ ಬಂದಿರಲಿಲ್ಲ ಎನ್ನುವುದು ಹೊಳೆದದ್ದು, ಎರಡೂ ಅವಳ ಮುಖದ ಮೇಲೆ ಒಂದರ ಹಿಂದೊಂದು ಬಂದು ಹೋದವು. ತುಟಿ ಬಿಗಿಹಿಡಿದರೂ ನಗು ಮೂಗಿನಿಂದ ಹೊರಗೆ ಬಂತು.

"ಕಳ್ಳಿ" ಎಂದಳು. ಕೈ ತೆಗೆದಳು. ಆಮೇಲೆ ಇಡೀ ಬೀದಿಗೆ ಕೇಳುವ ಹಾಗೆ, "ಬಲಗಾಲಿಟ್ಟು ಬಾ ಬೀಗಿತ್ತಿ" ಎಂದಳು.

ಆ ಮಾತನ್ನು ರಂಗನಾಯಕಿಗೆ ಯಾರಾದರೂ ಹೇಳಿ ಮೂವತ್ತು ವರ್ಷದ ಮೇಲಾಗಿತ್ತು. ಬಲಗಾಲು ಯಾವುದು ಎಂದು ಅವಳಿಗೆ ಒಂದು ಗಳಿಗೆ ಗೊತ್ತಾಗಲಿಲ್ಲ. ಪೂಂಗೊಡಿ ಹಿಂದಿನಿಂದ ಮೆಲ್ಲಗೆ ಮುಟ್ಟಿ ತೋರಿಸಿದಳು.